ಬರೀ ಅಕ್ಷರಗಳ ಕನ್ಸೋಲ್‌ನಲ್ಲಿ ಹಾವಿನ ಆಟದಾಚೆ ಏನು ಕಟ್ಟಬಹುದು? ಪೈಥಾನ್‌ನಲ್ಲಿ ಪ್ರತಿ ಫ್ರೇಮಿಗೂ (ಒಂದು ಕ್ಷಣದ ಪೂರ್ತಿ ಚಿತ್ರಕ್ಕೂ) ಪರದೆ ಅಳಿಸಿ ಮತ್ತೆ ಪ್ರಿಂಟ್ ಮಾಡುತ್ತೇನೆ, ನನ್ನ ಆಟದ ಪರದೆ ಮಿಣುಕುತ್ತಲೇ ಇರುತ್ತದೆ, ಯಾಕೆ?

ಪೈಥಾನ್‌ನಲ್ಲಿ ಪ್ರತಿ ಫ್ರೇಮಿಗೂ ಪರದೆ ಅಳಿಸಿ ಮತ್ತೆ ಪ್ರಿಂಟ್ ಮಾಡುತ್ತೇನೆ ಎಂದು ಬರೆದಿದ್ದೀರಿ. ಮಿಣುಕು ಹುಟ್ಟುವುದು ಅಲ್ಲೇ. ಅಳಿಸಿದ ಮೇಲೆ ಬರೆಯುವವರೆಗೆ ಪರದೆ ಖಾಲಿ ಇರುತ್ತದೆ, ಕಣ್ಣು ಅದನ್ನು ಹಿಡಿಯುತ್ತದೆ. ಅಳಿಸಲು ಸಿಸ್ಟಂ ಕಮಾಂಡ್ ಕರೆಯುತ್ತಿದ್ದರಂತೂ ಪ್ರತಿ ಸಲ ಹೊಸ ಪ್ರೋಸೆಸ್ ಶುರುವಾಗಬೇಕು.

ಅಳಿಸಲೇಬೇಡಿ. ಎಸ್ಕೇಪ್ ಅಕ್ಷರ (ಸಂಖ್ಯೆ 27), ಅದರ ನಂತರ [ ಮತ್ತು ದೊಡ್ಡ ‘ಎಚ್’ ಬರೆದರೆ ಕರ್ಸರ್ ಮೇಲಿನ ಎಡಮೂಲೆಗೆ ಹೋಗುತ್ತದೆ. ಇಡೀ ಫ್ರೇಮನ್ನು ಒಂದೇ ಸ್ಟ್ರಿಂಗ್ ಆಗಿ ಕಟ್ಟಿ, ಹಳೆಯದರ ಮೇಲೆಯೇ ಒಮ್ಮೆಗೆ ಬರೆದು ಫ್ಲಶ್ ಮಾಡಿ, ಅಂದರೆ ಬಫರಿನಲ್ಲಿ ಉಳಿಸದೆ ತಕ್ಷಣ ಪರದೆಗೆ ಕಳಿಸಿ. ಪರದೆಯ ಕೊನೆಯ ಸಾಲಿನ ತುದಿಗೆ ಹೊಸ ಸಾಲಿನ ಚಿಹ್ನೆ ಬೇಡ. ಹಾಕಿದರೆ ಎಲ್ಲವೂ ಒಂದು ಸಾಲು ಮೇಲೆ ಸರಿದು ಚಿತ್ರ ಕುಣಿಯುತ್ತದೆ. ಕರ್ಸರ್ ಮರೆಮಾಡಲು ಎಸ್ಕೇಪ್, [, ?, 25, ಸಣ್ಣ ‘ಎಲ್’. ಮತ್ತೆ ತೋರಿಸಲು ಕೊನೆಗೆ ಸಣ್ಣ ‘ಎಚ್’.

ಕೀಲಿಗಳ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಕೀಲಿಯನ್ನು ಒತ್ತಿದ ಕೂಡಲೇ ಓದಲು ‘ಟಿಟಿವೈ’ ಮಾಡ್ಯೂಲಿನ ‘ಸೆಟ್‌ರಾ’ ಬಳಸಬೇಡಿ, ‘ಸೆಟ್‌ಸಿಬ್ರೇಕ್’ ಬಳಸಿ. ಮೊದಲನೆಯದರಲ್ಲಿ ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಜಾರುತ್ತವೆ, ಕಂಟ್ರೋಲ್-ಸಿ ಕೂಡ ಕೆಲಸ ಮಾಡುವುದಿಲ್ಲ. ಕೀಲಿ ಬಂದಿದೆಯೇ ಎಂದು ‘ಸೆಲೆಕ್ಟ್’‌ನಿಂದ ನೋಡಿ, ಓದುವುದನ್ನು ‘ಓಎಸ್’ ಮಾಡ್ಯೂಲಿನ ‘ರೀಡ್’‌ನಿಂದ ಮಾಡಿ. ಬಾಣದ ಕೀಲಿ ಸಾಮಾನ್ಯವಾಗಿ ಮೂರು ಬೈಟ್. ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಮಾಮೂಲಿ ರೀತಿಯಲ್ಲಿ ಒಂದೊಂದೇ ಅಕ್ಷರ ಓದಿದರೆ ಉಳಿದೆರಡು ಪೈಥಾನಿನ ಬಫರಿನಲ್ಲಿ ಕೂತುಬಿಡುತ್ತವೆ, ‘ಸೆಲೆಕ್ಟ್’ ಏನೂ ಇಲ್ಲ ಎನ್ನುತ್ತದೆ. ವಿಂಡೋಸ್‌ನಲ್ಲಿ ಈ ದಾರಿ ಇಲ್ಲ. ಅಲ್ಲಿ ‘ಎಂಎಸ್‌ವಿಸಿಆರ್‌ಟಿ’ ಮಾಡ್ಯೂಲಿನ ‘ಕೆಬಿಹಿಟ್’ ಮತ್ತು ‘ಗೆಟ್‌ಡಬ್ಲ್ಯೂಸಿಎಚ್’. ಟರ್ಮಿನಲ್ಲಿನ ಹಳೆಯ ಸೆಟ್ಟಿಂಗನ್ನು ‘ಫೈನಲಿ’ ಭಾಗದಲ್ಲಿ ಮರಳಿಸಿ. ಪ್ರೋಗ್ರಾಂ ನಡುವೆ ಬಿದ್ದು ಟೈಪ್ ಮಾಡಿದ್ದು ಕಾಣದಂತಾದರೆ, ಕಾಣದಿದ್ದರೂ ‘ರೀಸೆಟ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿ.

ಇನ್ನು ಏನು ಕಟ್ಟಬಹುದು ಎಂಬುದು. ನನ್ನನ್ನು ಕೇಳಿದರೆ ಮೊದಲು ಗೋಡೆಗಳ ನಡುವೆ ನಡೆಯುವ ಮೂರು ಆಯಾಮದ ಚಕ್ರವ್ಯೂಹ. ಅಕ್ಷರಗಳಿಂದ ಆಳ ಹುಟ್ಟುವುದನ್ನು ನೋಡುವ ಖುಷಿಯೇ ಬೇರೆ! ನಕ್ಷೆಯನ್ನು 16×16 ಚೌಕಗಳ ಪಟ್ಟಿಯಾಗಿ ಇಡಿ, ಅಂಚಿನ ಚೌಕಗಳೆಲ್ಲ ಗೋಡೆಯಾಗಿರಲಿ. ಪರದೆಯ 80 ಕಂಬಸಾಲುಗಳಿಗೆ ಆಟಗಾರನಿಂದ ಹೊರಡುವ ಒಂದೊಂದು ಕಾಲ್ಪನಿಕ ಕಿರಣ, ಒಟ್ಟು ನೋಟ 60 ಡಿಗ್ರಿ. ಕಿರಣವನ್ನು 0.05 ಚೌಕದ ಹೆಜ್ಜೆಯಲ್ಲಿ ಗೋಡೆ ಸಿಗುವವರೆಗೆ ಮುಂದೆ ತಳ್ಳಿ. ಪರದೆಯ ಸಾಲುಗಳ ಸಂಖ್ಯೆಯನ್ನು ಸಿಕ್ಕ ದೂರದಿಂದ ಭಾಗಿಸಿದರೆ ಗೋಡೆಯ ಎತ್ತರ. ದೂರ 2ರ ಒಳಗಿದ್ದರೆ █, 4ರ ಒಳಗೆ ▓, 7ರ ಒಳಗೆ ▒, ಆಚೆಗೆ ░. ಇಷ್ಟಕ್ಕೇ ನಿಲ್ಲಿಸಿದರೆ ನೇರ ಗೋಡೆ ಉಬ್ಬಿದಂತೆ ಕಾಣುತ್ತದೆ, ಏಕೆಂದರೆ ಪಕ್ಕದ ಕಿರಣಗಳು ಓರೆಯಾಗಿ ಹೆಚ್ಚು ದೂರ ಹೋಗುತ್ತವೆ. ಎತ್ತರ ಲೆಕ್ಕ ಹಾಕುವ ಮೊದಲೇ ದೂರವನ್ನು, ಕಿರಣಕ್ಕೂ ನೋಟದ ದಿಕ್ಕಿಗೂ ಇರುವ ಕೋನದ ಕೊಸೈನ್‌ನಿಂದ ಗುಣಿಸಿ. ಗೋಡೆಗೆ ತಾಗಿತೇ ಎಂಬುದನ್ನು ಅಡ್ಡ ಮತ್ತು ಲಂಬ ಚಲನೆಗೆ ಬೇರೆಬೇರೆ ನೋಡಿ. ಆಗ ಆಟಗಾರ ಗೋಡೆಗೆ ಅಂಟಿಕೊಳ್ಳದೆ ಅದರ ಗುಂಟ ಜಾರುತ್ತಾನೆ. ಮಾಮೂಲಿ ಟರ್ಮಿನಲ್ ಕೀಲಿ ಬಿಟ್ಟದ್ದನ್ನು ತಿಳಿಸುವುದಿಲ್ಲ, ಹಾಗಾಗಿ ಒಂದು ಒತ್ತಿಗೆ ಒಂದು ಹೆಜ್ಜೆ ಎಂದು ಇಟ್ಟುಕೊಳ್ಳಿ.

ಸೂಕ್ಷ್ಮ ಚಿತ್ರ ಬೇಕೆಂದರೆ ಬ್ರೈಲ್ ಅಕ್ಷರಗಳಿವೆ. ಒಂದು ಅಕ್ಷರದಲ್ಲಿ 2×4 ಚುಕ್ಕಿ, ಅಂದರೆ 80×24 ಪರದೆಯಲ್ಲಿ 160×96. ಗಣಿತಜ್ಞ ಜಾನ್ ಕಾನ್ವೇಯ ‘ಗೇಮ್ ಆಫ್ ಲೈಫ್’ಗೆ (ನೆರೆಯ ಕೋಶಗಳ ಎಣಿಕೆಯಂತೆ ಕೋಶಗಳು ಹುಟ್ಟಿ ಸಾಯುವ ಆಟ) ಇದಕ್ಕಿಂತ ಚೆಂದದ ಜಾಗ ಇಲ್ಲ. ಚುಕ್ಕಿಗಳ ಬೆಲೆ ಎಡಸಾಲಿನಲ್ಲಿ ಮೇಲಿಂದ ಕೆಳಕ್ಕೆ 1, 2, 4, 64. ಬಲಸಾಲಿನಲ್ಲಿ 8, 16, 32, 128. ಬೇಕಾದವನ್ನು ಕೂಡಿ, ಯೂನಿಕೋಡ್‌ನ ಹೆಕ್ಸ್ 2800ಕ್ಕೆ ಸೇರಿಸಿದರೆ ಅಕ್ಷರ ಸಿದ್ಧ. ಆದರೆ ಇಡೀ ಅಕ್ಷರಕ್ಕೆ ಚುಕ್ಕಿಯ ಬಣ್ಣ ಒಂದೇ. ಬಣ್ಣ ಮುಖ್ಯವಾದರೆ ▀ ಬಳಸಿ: ಅಕ್ಷರದ ಬಣ್ಣ ಮೇಲಿನ ಅರ್ಧಕ್ಕೆ, ಹಿನ್ನೆಲೆಯ ಬಣ್ಣ ಕೆಳಗಿನದಕ್ಕೆ.

ಎಮೋಜಿ ಸಾಮಾನ್ಯವಾಗಿ ಎರಡು ಮನೆ ಹಿಡಿಯುತ್ತದೆ. ಕನ್ನಡದ ಒತ್ತಕ್ಷರದ ಅಗಲವನ್ನು ಒಂದೊಂದು ಟರ್ಮಿನಲ್ ಒಂದೊಂದು ರೀತಿ ಎಣಿಸುತ್ತದೆ. ಅಂಕ, ಸೂಚನೆಗಳನ್ನು ಕನ್ನಡದಲ್ಲಿ ತೋರಿಸುವುದಾದರೆ ಚಿತ್ರದ ಪಕ್ಕಕ್ಕೆ ಹಾಕದೆ ಕೆಳಗೆ ಪ್ರತ್ಯೇಕ ಸಾಲು ಕೊಡಿ.