ಓದುಗರ ಪ್ರಶ್ನೆ: ಗಾಡಿ ನಿಂತ ದಿನದ ಲೆಕ್ಕ ಏನು?

ಪ್ರಶ್ನೆ: ಅಣ್ಣಾ, ನಾನು ಕುಮಟಾ ತಾಲೂಕಿನವನು, ವಯಸ್ಸು 25. ಮೂರು ವರ್ಷ ಮೀನಿನ ಟೆಂಪೋ ಓಡಿಸಿದ್ದೇನೆ. ಈಗ ಹೆವಿ ಲೈಸೆನ್ಸ್ ಆಗಿದೆ. ಹುಬ್ಬಳ್ಳಿಯ ಒಬ್ಬ ಮಾಲೀಕರು ಫ್ಲಾಟ್‌ಬೆಡ್ ಟ್ರೇಲರ್ (ಮೇಲೆ ಮುಚ್ಚಿಗೆ ಇಲ್ಲದ ಚಪ್ಪಟೆ ಗಾಡಿ) ಕೊಡ್ತೇನೆ ಅಂದಿದ್ದಾರೆ. ತೋರಣಗಲ್ಲಿನಿಂದ ಸ್ಟೀಲ್ ಕಾಯಿಲ್ (ಸುರುಳಿ ಸುತ್ತಿದ ಉಕ್ಕಿನ ತಗಡು) ತುಂಬುವ ಕೆಲಸ. ಸಂಬಳ 18,000, ಓಡಿದ ದಿನಕ್ಕೆ 500 ಬಾಟಾ (ದಿನಭತ್ಯೆ). ‘ತಿಂಗಳಿಗೆ 30,000 ಆರಾಮ ಬೀಳ್ತದೆ, 15 ದಿನಕ್ಕೊಮ್ಮೆ ಮನೆಗೆ ಹೋಗಬಹುದು’ ಅಂತಾರೆ. ಮನೆಯಲ್ಲಿ ಅಮ್ಮ ಒಬ್ಬಳೇ. ಒಪ್ಪಿಕೊಳ್ಳಲಾ?

ಉತ್ತರ: ತಮ್ಮಾ, ನಾನು ಅಂಕೋಲೆಯವನು. 27 ವರ್ಷ ಲಾರಿ ಓಡಿಸಿದೆ, ಅದರಲ್ಲಿ 14 ವರ್ಷ ಫ್ಲಾಟ್‌ಬೆಡ್. ಕೆಲಸ ಒಳ್ಳೆಯದೇ. ಆದರೆ ಹೂಂ ಅನ್ನುವ ಮೊದಲು ಒಂದು ಮಾತು ಕೇಳು: ಗಾಡಿ ನಿಂತ ದಿನಕ್ಕೆ ಏನು ಕೊಡ್ತೀರಿ?

ನಿನ್ನ ಮಾಲೀಕರ ಲೆಕ್ಕವನ್ನೇ ಹಿಡಿ. 30,000 ಆಗಬೇಕಾದರೆ ತಿಂಗಳಿಗೆ 24 ದಿನ ಗಾಡಿ ಓಡಬೇಕು. ಫ್ಲಾಟ್‌ಬೆಡ್ ಅಷ್ಟು ಓಡುವುದಿಲ್ಲ. ಕಾಯಿಲ್ ತುಂಬಲು ಸಾಲಿನಲ್ಲಿ ನಿಲ್ಲಬೇಕು, ಇಳಿಸಲು ಕ್ರೇನ್‌ಗೆ ಕಾಯಬೇಕು. ವಾಪಸ್ ಬರಲು ಲೋಡ್ ಸಿಗುವವರೆಗೆ ಮತ್ತೆ ಕಾಯಬೇಕು. ಮುಚ್ಚಿದ ಗಾಡಿಗೆ ಸಿಗುವಂತೆ ಇದಕ್ಕೆ ಸಿಕ್ಕಿದ್ದೆಲ್ಲ ಲೋಡ್ ಆಗುವುದಿಲ್ಲ. ತಿಂಗಳಿಗೆ 25 ದಿನ ಹೊರಗೆ ಇದ್ದೆ, ಅದರಲ್ಲಿ 15 ದಿನ ಗಾಡಿ ಓಡಿತು ಅಂತ ಇಟ್ಟುಕೋ. ಬಾಟಾ 7,500 ಬಂತು. ಊಟ, ಚಾ, ಸ್ನಾನಕ್ಕೆ ದಿನಕ್ಕೆ 300 ಅಂದರೂ 25 ದಿನಕ್ಕೆ 7,500 ಹೋಯ್ತು. ಅಮ್ಮನ ಕೈಗೆ ಉಳಿದದ್ದು ಬರೀ ಸಂಬಳ, 18,000. ಹೊಟ್ಟೆ ನಿಂತ ದಿನವೂ ಹಸಿಯುತ್ತದೆ, ಅಲ್ವಾ? ಹಾಗಾಗಿ ನಿಂತ ದಿನಕ್ಕೂ ಬಾಟಾ ಕೇಳು. ಪೂರ್ತಿ ಕೊಡದಿದ್ದರೆ ಅರ್ಧವಾದರೂ ಕೇಳು. ನಾನು ಮೊದಲ ಎರಡು ವರ್ಷ ಕೇಳಲಿಲ್ಲ. ಒಮ್ಮೆ ಪುಣೆ ಹತ್ತಿರ ಆರು ದಿನ ನಿಂತು, ಡೀಸೆಲ್‌ಗೆ ಇಟ್ಟಿದ್ದ ದುಡ್ಡಲ್ಲಿ ಊಟ ಮಾಡಿದೆ. ಊರಿಗೆ ಬಂದ ಮೇಲೆ ಅಷ್ಟನ್ನೂ ಸಂಬಳದಲ್ಲಿ ಹಿಡಿದರು.

ಕಟ್ಟುವ ಕೆಲಸಕ್ಕೂ ಕೂಲಿ ಇದೆಯಾ ಕೇಳು. ಕಾಯಿಲ್‌ಗೆ ಮರದ ಅಡೆ ಕೊಡುವುದು, ಚೈನ್ ಬಿಗಿಯುವುದು, ತಾಡಪಾಲು ಹೊದೆಸುವುದು ಎಲ್ಲಾ ಸೇರಿ ಎರಡು ತಾಸು ಬೇಕು. ಕ್ಲೀನರ್ ಇಲ್ಲದಿದ್ದರೆ ಇನ್ನೂ ಜಾಸ್ತಿ. ಆ ಕೆಲಸಕ್ಕೆ ಅವಸರ ಮಾಡಬೇಡ. ಅರಬೈಲ್ ಘಟ್ಟ ಇಳಿಯುವಾಗ ಗಟ್ಟಿ ಬ್ರೇಕ್ ಹಾಕಿದೆ ಅಂದುಕೋ. 20 ಟನ್ ಕಾಯಿಲ್ ಸಡಿಲಾಗಿದ್ದರೆ ಅದು ನೇರ ಕ್ಯಾಬಿನ್ ಮೇಲೆ ಬರುತ್ತದೆ. ಹೊರಟು ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಚೈನ್ ಮತ್ತೆ ನೋಡು. ಘಟ್ಟ ಇಳಿಯುವ ಮೊದಲು ಯಲ್ಲಾಪುರದಲ್ಲಿ ಇನ್ನೊಮ್ಮೆ ನೋಡು.

ಓವರ್‌ಲೋಡ್ ದಂಡ ಯಾರದ್ದು ಅಂತಲೂ ಕೇಳಿಟ್ಟುಕೋ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅದು 20,000 ರೂಪಾಯಿ, ಹೆಚ್ಚಿದ್ದ ಪ್ರತಿ ಟನ್‌ಗೆ ಮತ್ತೆ 2,000. ತುಂಬಿಸಿದವರು ಅವರು, ದಂಡ ನಿನ್ನ ಸಂಬಳದಲ್ಲಿ ಅಂದರೆ ಆ ಗಾಡಿ ಹತ್ತಲೇಬೇಡ.

ಈಗ ಮನೆಯ ಮಾತು. 15 ದಿನಕ್ಕೊಮ್ಮೆ ಅನ್ನುವುದು ಲೋಡ್ ಆ ಕಡೆ ಇದ್ದರೆ ಮಾತ್ರ. ಹೊಸಬನಿಗೆ ಮೊದಲ ಆರು ತಿಂಗಳು 20–25 ದಿನಕ್ಕೊಮ್ಮೆ ಅಂತಲೇ ಮನಸ್ಸಲ್ಲಿ ಇಟ್ಟುಕೋ, ಅಮ್ಮನಿಗೂ ಹಾಗೇ ಹೇಳು. 15 ಅಂತ ಹೇಳಿ 25ಕ್ಕೆ ಹೋದರೆ ಅವಳು ಹತ್ತು ದಿನ ಬಾಗಿಲು ನೋಡುತ್ತಾ ಕೂರುತ್ತಾಳೆ. ಮತ್ತೆ, ಊರ ಮೇಲೆ ಹಾದು ಹೋಗುವುದನ್ನು ಮಾಲೀಕರು ಮನೆ ಭೇಟಿ ಅಂತ ಲೆಕ್ಕ ಹಿಡಿಯಬಾರದು. ನನಗೆ ಹಾಗೇ ಮಾಡಿದ್ದರು. ಮಂಗಳೂರಿಗೆ ಹೋಗುವಾಗ ಅಂಕೋಲೆ ಹೆದ್ದಾರಿ ಬದಿಗೆ ಗಾಡಿ ಹಾಕುತ್ತಿದ್ದೆ. ಹೆಂಡತಿ ಬುತ್ತಿ ತಂದು ಕೊಡುತ್ತಿದ್ದಳು. ಹೆಗಲ ಮೇಲೆ ಮಗಳು ನಿದ್ದೆಯಲ್ಲಿ. ಹತ್ತು ನಿಮಿಷ ಅಷ್ಟೇ. ನಮ್ಮೂರ ಬಂಡಿಹಬ್ಬ ನಾಲ್ಕು ಸಲ ತಪ್ಪಿತು. ಮನೆಗೆ ಅಂದರೆ ಎರಡು ರಾತ್ರಿ ಮನೆಯಲ್ಲಿ ಮಲಗುವುದು, ಕೀಲಿ ಮಾಲೀಕರ ಕೈಯಲ್ಲಿ ಇರುವುದು. ಹಾಗಂತಲೇ ಬರೆಸಿಕೋ. ವಾರಕ್ಕೊಂದು ರಜೆ, ದಿನಕ್ಕೆ 8 ತಾಸು ಕೆಲಸ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ನೀನು ಕೇಳುತ್ತಿರುವುದು ದಾನ ಅಲ್ಲ.

ಮಳೆಗಾಲದ ಮಾತು ಹೇಳದೆ ಬಿಡಲಾರೆ. 2024ರ ಜುಲೈ 16ರಂದು ನಮ್ಮ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿ ನಿಂತಿದ್ದ ಕೇರಳದ ಲಾರಿ ಗಂಗಾವಳಿ ಹೊಳೆ ಸೇರಿತು. ಚಾಲಕ ಗಾಡಿಯ ಜೊತೆ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಆ 70 ದಿನ ನಾನು ಸರಿಯಾಗಿ ಊಟ ಮಾಡಿಲ್ಲ. ಮಳೆಯಲ್ಲಿ ಗುಡ್ಡದ ಬುಡದಲ್ಲಿ ಗಾಡಿ ಹಾಕಿ ಮಲಗಬೇಡ, ಎಷ್ಟೇ ಸುಸ್ತಾಗಿರಲಿ. ರಸ್ತೆ ಬಂದಾಗಿ ನಿಂತ ದಿನಕ್ಕೂ ಬಾಟಾ ಇದೆಯಾ, ಅಪಘಾತ ವಿಮೆ ನಿನ್ನ ಹೆಸರಿಗೆ ಇದೆಯಾ, ಎರಡೂ ಕೇಳು. ಇವಕ್ಕೆಲ್ಲ ಸರಿಯಾದ ಉತ್ತರ ಬಂದರೆ ಹೋಗು. ‘ಆಮೇಲೆ ನೋಡುವಾ’ ಅಂದರೆ ಮೀನಿನ ಟೆಂಪೋ ಇನ್ನೊಂದು ವರ್ಷ ಓಡಿಸು.

ಪ್ರಶ್ನೆ: ಮಗನಿಗೆ 18 ತುಂಬಿತು. ಈಗಲೇ ಹೆವಿ ಲೈಸೆನ್ಸ್ ಮಾಡಿಸಬಹುದಾ? (ಶಿರಸಿಯ ತಾಯಿ)

ಉತ್ತರ: ಇಲ್ಲ ತಂಗಿ. ಸರಕು ಗಾಡಿಗೆ 20 ತುಂಬಬೇಕು. ಅದಕ್ಕೂ ಮೊದಲು ಕಾರಿನ ಲೈಸೆನ್ಸ್ ಆಗಿ ಒಂದು ವರ್ಷ ಕಳೆದಿರಬೇಕು. ಈಗ ಅದನ್ನು ಮಾಡಿಸಿಡು.