ಏನೂ ಕೆಡದ ಮನೆ

"ಅವರು ಮಾತೇ ಆಡಲ್ಲ ಅಂತಲ್ಲ ಮೇಡಂ. ಆಡಿದ್ರೆ ಬರೀ ರೂಟರ್, ಬ್ಯಾಟರಿ, ಹೊಸ ಫೋನು. ಮನೆ ಮಾತು ಅಂತ ಒಂದೂ ಇಲ್ಲ."

ಬೆಂಗಳೂರಿನಲ್ಲಿ ಆಪ್ತಸಲಹೆ ಮಾಡುವವರಿಗೆ ಈ ದೂರು ಹೊಸದಲ್ಲ. ಹೆಂಡತಿ ಹೇಳುತ್ತಾರೆ, ಗಂಡ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ. ಮತ್ತೆ ಮತ್ತೆ ಬರುತ್ತದೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಈ ಪ್ರಕರಣದಲ್ಲಿ ಮೊದಲ ಎರಡು ಭೇಟಿ ಹಾಳು ಮಾಡಿದ್ದು ನಾನೇ. (ಇಬ್ಬರ ಒಪ್ಪಿಗೆ ಕೇಳಿದ್ದೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಗಂಡನಿಗೆ 36 ವರ್ಷ, ಸಾಫ್ಟ್‌ವೇರ್ ಇಂಜಿನಿಯರ್. ಊರು ಮಲೆನಾಡು, ಅಡಿಕೆ ತೋಟದ ಮನೆ. ಅಮ್ಮ ತೀರಿಹೋಗಿದ್ದಾರೆ, ಅಪ್ಪ ಒಬ್ಬರೇ ಊರಲ್ಲಿ. ಒಂದು ವರ್ಷದಿಂದ ಇವರಿಗೆ ನಿದ್ದೆ ಸರಿಯಿಲ್ಲ, ಸಣ್ಣದಕ್ಕೂ ಸಿಡುಕು, ಭಾನುವಾರವೆಲ್ಲ ಸೋಫಾದ ಮೇಲೆ ಸುಮ್ನೆ ಕೂರೋದು. ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. ಔಷಧಿ ಬೇಕಿಲ್ಲ, ಮಾತಾಡಿಸಿ ನೋಡಿ ಅಂದರು.

ಮಾತಾಡಿಸಿದೆ. ಅವರು ತರಕಾರಿ ಗಾಡಿಯವನ ಕ್ಯೂಆರ್ ಕೋಡ್ ಬಗ್ಗೆ ಹೇಳಿದರು, ದುಡ್ಡು ಬಂತು ಅಂತ ಕೂಗುವ ಆ ಡಬ್ಬಿಯೊಳಗೂ ಒಂದು ಸಿಮ್ ಇರುತ್ತೆ ಗೊತ್ತಾ ಮೇಡಂ ಅಂದರು, ಅಲ್ಲಿಂದ 5ಜಿಗೆ ಹೋದರು. ನಾನು ಪ್ರತಿ ಸಲವೂ ಅಡ್ಡ ಹಾಕಿದೆ. "ಅದಿರಲಿ, ನಿಮಗೆ ಏನನ್ನಿಸುತ್ತೆ ಹೇಳಿ." ನಮಗೆ ಕಲಿಸಿದ್ದೇ ಹಾಗೆ. ಬಂದವರು ಲೋಕಾಭಿರಾಮಕ್ಕೆ ಇಳಿದರೆ ನೋವಿನಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಅಂತ ಅರ್ಥ, ಮೆಲ್ಲಗೆ ವಾಪಸ್ ಕರೆತರಬೇಕು. ಕರೆತಂದಾಗಲೆಲ್ಲ ಅವರು ಮರ್ಯಾದೆಯಿಂದ ಒಂದೇ ಉತ್ತರ ಕೊಟ್ಟರು. "ಏನಿಲ್ಲ ಮೇಡಂ, ಚೆನ್ನಾಗಿದೆ."

ಮೂರನೇ ಭೇಟಿಯ ದಿನ ಮಳೆ ಹೊಯ್ದು ಕರೆಂಟ್ ಹೋಯಿತು. ಐದು ನಿಮಿಷಕ್ಕೆ ನನ್ನ ಇನ್ವರ್ಟರ್ ಕುಯ್ ಕುಯ್ ಅನ್ನೋಕೆ ಶುರು ಮಾಡಿತು. ಅವರು ಎದ್ದೇಬಿಟ್ಟರು. "ನೀರು ಹಾಕಿ ಎಷ್ಟು ದಿನ ಆಯ್ತು ಮೇಡಂ?" ನನಗೆ ಅದಕ್ಕೆ ನೀರು ಹಾಕಬೇಕು ಅನ್ನೋದೇ ನೆನಪಿರಲಿಲ್ಲ. ಬ್ಯಾಟರಿ ಹತ್ತಿರ ಬಗ್ಗಿ ನೋಡಿ, ಕಡ್ಡಿ ಎಲ್ಲಾ ಕೆಂಪಿಗೆ ಇಳಿದಿದೆ, ಡಿಸ್ಟಿಲ್ಡ್ ವಾಟರೇ ಹಾಕಿ, ನಲ್ಲಿ ನೀರಲ್ಲಿ ಉಪ್ಪಿರುತ್ತೆ, ಪ್ಲೇಟ್ ಹಾಳಾಗುತ್ತೆ, ಹಾಗಂತ ತುಂಬಿ ಚೆಲ್ಲುವಷ್ಟೂ ಹಾಕಬೇಡಿ ಅಂದರು. ಈ ಸಲ ನಾನು ತಡೆಯಲಿಲ್ಲ. ಜಾಣತನದಿಂದಲ್ಲ. ಕತ್ತಲಾಗಿತ್ತು, ನನಗೂ ಬೇರೇನೂ ತೋಚಲಿಲ್ಲ.

ಮಾತು ಊರಿನ ಬ್ಯಾಟರಿಗೆ ಹೋಯಿತು. ಮಳೆಗಾಲದಲ್ಲಿ ಅಲ್ಲಿ ಮರ ಬಿದ್ದು ಲೈನ್ ಹರಿದರೆ ನಾಲ್ಕು ದಿನ ಕರೆಂಟಿಲ್ಲ. ರಾತ್ರಿ ಎಂಟಕ್ಕೆ ಅಪ್ಪನ ಫೋನು. ಇನ್ವರ್ಟರ್ ಕೂಗ್ತಾ ಇದೆ, ಎಂತ ಮಾಡೋದು? ಬ್ಯಾಟರಿಯಿಂದ ಮಳೆಗೆ, ಇವತ್ತು ನಾಲ್ಕು ಇಂಚು, ಮಳೆಯಿಂದ ಅಡಿಕೆಯ ಕೊಳೆ ರೋಗಕ್ಕೆ, ಮೈಲುತುತ್ತ ತಂದಿಟ್ಟು ವಾರ ಆಯ್ತು ಔಷಧಿ ಹೊಡೆಯೋಕೆ ಮಳೆ ಹೊಳವೇ ಆಗ್ತಿಲ್ಲ, ಅಲ್ಲಿಂದ ಪಕ್ಕದ ಮನೆ ಮದುವೆಗೆ. 2020ರ ಲಾಕ್‌ಡೌನಿನಲ್ಲಿ ಇವರು ಊರಿಂದಲೇ ಕೆಲಸ ಮಾಡಿದ್ದರು. ನೆಟ್‌ವರ್ಕ್ ಸಿಗೋದು ಗುಡ್ಡದ ಮೇಲೆ ಮಾತ್ರ, ಅಲ್ಲೊಂದು ತಾಡಪಾಲು ಕಟ್ಟಿಕೊಂಡು ಕೂರುತ್ತಿದ್ದರು, ಮಧ್ಯಾಹ್ನ ಅಪ್ಪ ಬುತ್ತಿ ಹಿಡಿದು ಗುಡ್ಡ ಹತ್ತಿ ಬರುತ್ತಿದ್ದರು.

"ಇದನ್ನೆಲ್ಲ ಸರಿ ಮಾಡ್ಬೇಕು ಅಂತ ಆಗಲೇ ತೀರ್ಮಾನ ಮಾಡಿದ್ದೆ" ಅಂದರು. ಮಾಡಿಯೂ ಮಾಡಿದರು. ಮನೆಗೆ ಫೈಬರ್ ಬಂತು. ನೀರು ಹಾಕುವ ತಾಪತ್ರಯವೇ ಇಲ್ಲದ ಲಿಥಿಯಂ ಬ್ಯಾಟರಿ, ಮೇಲೆ ಸೋಲಾರ್. ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್. ಜಗಲಿಯಲ್ಲಿ, ಅಂಗಳದಲ್ಲಿ ಕ್ಯಾಮೆರಾ. ಕರೆಂಟ್ ಬಿಲ್ ಇಲ್ಲಿಂದಲೇ ಕಟ್ಟುತ್ತಾರೆ.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಈಗ ಅಪ್ಪ ಫೋನೇ ಮಾಡಲ್ಲ ಮೇಡಂ. ಏನೂ ಕೆಡೋದೇ ಇಲ್ಲ."

ನೀವೇ ಮಾಡಬಹುದಲ್ವಾ ಅಂದೆ. "ಮಾಡಿ ಏನ್ ಕೇಳ್ಲಿ? ಜಗಲಿ ಮೇಲೆ ಕೂತಿರೋದು ಕಾಣ್ತಾ ಇರುತ್ತೆ. ಮಳೆ ಬರ್ತಿರೋದೂ ಕಾಣುತ್ತೆ." ಕಣ್ಣು ಒರೆಸಿಕೊಳ್ಳಲಿಲ್ಲ, ಇಂಥದ್ದೇನೂ ನಡೆಯಲಿಲ್ಲ. ಕರೆಂಟ್ ಬಂತು, ಕೂತರು. ಭಾನುವಾರ ಸೋಫಾದಲ್ಲಿ ಕೂತು ಅವರು ನೋಡುತ್ತಿದ್ದದ್ದು ಆ ಜಗಲಿಯನ್ನು ಅಂತ ನನಗೆ ಆಗ ಹೊಳೆಯಿತು.

ನಾಲ್ಕನೇ ಭೇಟಿಗೆ ಹೆಂಡತಿಯೂ ಬಂದರು. ಇದನ್ನು ಕೇಳಿ ಕರಗಲಿಲ್ಲ, ಕರಗಬೇಕಾಗೂ ಇರಲಿಲ್ಲ. "ನನ್ನ ಹತ್ರಾನೂ ಹಾಗೇ ಮೇಡಂ. ವಾಷಿಂಗ್ ಮಷೀನ್ ಕೆಟ್ಟ ದಿನ ಇಬ್ರೂ ಚೆನ್ನಾಗಿ ಮಾತಾಡಿದ್ವಿ. ರಿಪೇರಿ ಆಯ್ತು, ಮುಗೀತು." ಗಂಡನ ಮುಖದಲ್ಲಿ ಆವತ್ತು ಕಂಡ ಗಾಬರಿಯನ್ನು ನಾನು ಮೂರು ಭೇಟಿಯಲ್ಲೂ ನೋಡಿರಲಿಲ್ಲ.

ನಾನು ಕೊಟ್ಟ ಸಲಹೆ ತೀರಾ ಸಣ್ಣದು. ದಿನಾ ರಾತ್ರಿ ಎಂಟಕ್ಕೆ ಅಪ್ಪನಿಗೆ ಫೋನ್ ಮಾಡಿ. ಅದಕ್ಕೂ ಮೊದಲು ಕ್ಯಾಮೆರಾ ನೋಡಬೇಡಿ. ಉತ್ತರ ಗೊತ್ತಿದ್ದರೂ ಪರವಾಗಿಲ್ಲ, ಮಳೆ ಎಷ್ಟು ಬಂತು ಅಂತ ಕೇಳಿ. ಹೆಂಡತಿ ಜೊತೆ ಕಾಫಿ ಕುಡಿಯುವಾಗ ಅವರು ಹೇಳಿದ್ದಕ್ಕೆ ಪರಿಹಾರ ಕೊಡಬೇಡಿ, ಇನ್ನೊಂದು ಪ್ರಶ್ನೆ ಕೇಳಿ. ಆಫೀಸಲ್ಲಿ ಬಗ್ ಬಂದರೆ ಯಾವಾಗಿಂದ, ಅದಕ್ಕೆ ಮುಂಚೆ ಏನು ಬದಲಾಯ್ತು ಅಂತ ಹತ್ತು ಪ್ರಶ್ನೆ ಕೇಳ್ತೀರಲ್ವಾ, ಹಾಗೆ. ಹೆಂಡತಿಗೆ ಮಾತ್ರ ನಾನು ಏನೂ ಹೇಳಲಿಲ್ಲ. ಅವನ ರೂಟರ್ ಕಥೆ ನೀನೇ ಸ್ವಲ್ಪ ಸಹಿಸಿಕೋಮ್ಮಾ ಅಂತ ಹೇಳುವವರು ಊರ ತುಂಬ ಇದ್ದಾರೆ.

ನನ್ನ ಜೊತೆ ಕೆಲಸ ಮಾಡುವವರೊಬ್ಬರು ಇದನ್ನು ಕೇಳಿ ನಕ್ಕರು. ಇದು ಸಲಹೆಯಾ, ಒಳಗಿನ ದುಃಖಕ್ಕೆ ಕೈಯೇ ಹಾಕಿಲ್ಲವಲ್ಲ ಅಂದರು. ಇರಬಹುದು. ಆದರೆ ಈ ಅಪ್ಪ ಮಗ ಒಬ್ಬರಿಗೊಬ್ಬರು "ನಿನ್ನ ಮೇಲೆ ಪ್ರೀತಿ ಇದೆ" ಅಂತ ಯಾವತ್ತೂ ಹೇಳಿದವರಲ್ಲ, ನಾನು ಹೇಳಿಸಿದರೆ ಇಬ್ಬರೂ ನಾಚಿಕೆಯಿಂದ ಫೋನ್ ಇಟ್ಟುಬಿಡುತ್ತಾರೆ. ಅವರ ಹತ್ತಿರ ಇದ್ದದ್ದು ಪಟ್ಟಾಂಗ, ಅಂದರೆ ಹರಟೆ. ಅದನ್ನೇ ತಪ್ಪಿಸಿಕೊಳ್ಳುವ ದಾರಿ ಅಂತ ನಾನು ಎರಡು ಭೇಟಿ ಪೂರ್ತಿ ಮುಚ್ಚಿಹಾಕಿದ್ದೆ. ಹಾಗಂತ ಹರಟೆ ಎಲ್ಲದಕ್ಕೂ ಮದ್ದಲ್ಲ. ವಾರಗಟ್ಟಲೆ ನಿದ್ದೆ ಊಟ ಬಿಟ್ಟಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮೂರು ವಾರ ಬಿಟ್ಟು ಬಂದರು. ಹೆಂಡತಿ ವಿಷಯದಲ್ಲಿ ಇನ್ನೂ ತಡವರಿಸುತ್ತಿದ್ದಾರೆ, ಪ್ರಶ್ನೆ ಕೇಳಿ ಉತ್ತರಕ್ಕೆ ಮುಂಚೆ ಪರಿಹಾರ ಹೇಳಿಬಿಡುತ್ತಾರಂತೆ. ಅಪ್ಪನಿಗೆ ಮೊದಲ ದಿನ ಫೋನ್ ಮಾಡಿ ಮಳೆ ಎಷ್ಟು ಅಂತ ಕೇಳಿದಾಗ ಆ ಕಡೆಯಿಂದ ಬಂದದ್ದು, "ಎಂತಕ್ಕೆ, ಕ್ಯಾಮೆರಾ ಹಾಳಾಯ್ತನಾ?"

"ಹೂಂ ಅಂದೆ ಮೇಡಂ. ಹೇಗೆ ಸರಿ ಮಾಡೋದು ಅಂತ ಅವರೇ ಇಪ್ಪತ್ತು ನಿಮಿಷ ಹೇಳಿಕೊಟ್ರು."