ಹನ್ನೊಂದರಲ್ಲಿ ಒಂದೇ ಯಾಕೆ?

ಓದುಗರೊಬ್ಬರ ಪತ್ರ: “ನಿಮ್ಮ ‘ಜಾಲದಲ್ಲಿ ಸಿಕ್ಕಿದ್ದು’ ಪುಟಕ್ಕೆ ಇಲ್ಲಿಯವರೆಗೆ ಹನ್ನೊಂದು ಲಿಂಕ್ ಕಳಿಸಿದ್ದೇನೆ. ನೀವು ಹಾಕಿದ್ದು ಒಂದೇ, ಬಾಹ್ಯಾಕಾಶದಲ್ಲಿ ಪಲ್ಟಿ ಹೊಡೆಯುವ ನಟ್‌ನ ವಿಡಿಯೊ. ಅದರಲ್ಲೂ ‘ಭೂಮಿಯೂ ಹೀಗೇ ಪಲ್ಟಿಯಾಗಲಿದೆ, ರಷ್ಯಾದವರು ಇದನ್ನು ಹತ್ತು ವರ್ಷ ಗುಟ್ಟಾಗಿಟ್ಟಿದ್ದರು’ ಎಂಬ ಮುಖ್ಯ ಭಾಗವನ್ನೇ ಕತ್ತರಿಸಿದ್ದೀರಿ. ಅದೂ ತಡವಾಗಿ ಬಂತು. ಅಷ್ಟರಲ್ಲಿ ನಾಲ್ಕು ಜನ ಅದನ್ನು ನನಗೇ ಫಾರ್ವರ್ಡ್ ಮಾಡಿದ್ದರು!”

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಹನ್ನೊಂದು ಸಲ ಕಳಿಸುವುದು ಸುಮ್ನೆ ಮಾತಲ್ಲ. ಕತ್ತರಿ ಹಾಕಿದವನು ನಾನೇ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

1985ರಲ್ಲಿ ಸೋವಿಯತ್ ಗಗನಯಾತ್ರಿ ವ್ಲಾದಿಮಿರ್ ಜಾನಿಬೆಕೋವ್ ಸಲ್ಯೂತ್ 7 ನಿಲ್ದಾಣದಲ್ಲಿದ್ದರು. ಎರಡು ಕಿವಿಗಳಿರುವ ನಟ್ ಒಂದನ್ನು ತಿರುಗಿಸಿ ಬಿಚ್ಚಿದರು. ಅದು ಬೋಲ್ಟಿನಿಂದ ಕಳಚಿ, ತಿರುಗುತ್ತಲೇ ತೇಲಿ ಹೋಯಿತು. ಸ್ವಲ್ಪ ದೂರ ಹೋಗಿ ಇದ್ದಕ್ಕಿದ್ದಂತೆ ಹಿಂದುಮುಂದಾಗಿ ಪಲ್ಟಿ ಹೊಡೆಯಿತು. ಇನ್ನಷ್ಟು ದೂರ ಹೋಗಿ ಮತ್ತೆ ಪಲ್ಟಿ. ಯಾರೂ ಮುಟ್ಟಿರಲಿಲ್ಲ.

ಇದನ್ನು ನೋಡಲು ಬಾಹ್ಯಾಕಾಶಕ್ಕೆ ಹೋಗಬೇಕಿಲ್ಲ. ಗಟ್ಟಿ ರಟ್ಟಿನ ಪುಸ್ತಕ ತೆಗೆದುಕೊಳ್ಳಿ, ಬಿಚ್ಚಿಕೊಳ್ಳದಂತೆ ರಬ್ಬರ್ ಬ್ಯಾಂಡ್ ಹಾಕಿ. ಮೊದಲು ತಟ್ಟೆ ತಿರುಗಿಸಿದ ಹಾಗೆ ಮಟ್ಟಸವಾಗಿ ತಿರುಗಿಸಿ ಎಸೆಯಿರಿ. ಚೆನ್ನಾಗಿ ತಿರುಗುತ್ತದೆ. ಆಮೇಲೆ ಅದರ ಉದ್ದಕ್ಕೇ, ಲಟ್ಟಣಿಗೆ ಉರುಳಿದಂತೆ ತಿರುಗಿಸಿ. ಅದೂ ಸರಿ. ಈಗ ಮುಖಪುಟ ನಿಮ್ಮ ಕಡೆಗಿರಲಿ. ಎರಡೂ ಅಂಚು ಹಿಡಿದು, ತಲೆಕೆಳಗಾಗಿ ಒಂದು ಸುತ್ತು ಬರುವಂತೆ ಮೇಲಕ್ಕೆ ಹಾರಿಸಿ ಹಿಡಿಯಿರಿ. ಎಷ್ಟೇ ಹುಷಾರಾಗಿ ಎಸೆದರೂ ಪುಸ್ತಕ ಗಾಳಿಯಲ್ಲೇ ಅಡ್ಡಕ್ಕೆ ಅರ್ಧ ಸುತ್ತು ತಿರುಚಿಕೊಳ್ಳುತ್ತದೆ. ಕೈಗೆ ಬಂದಾಗ ನಿಮ್ಮೆದುರು ಹಿಂಬದಿಯ ರಟ್ಟು! ನಾನು ಇಪ್ಪತ್ತು ಸಲ ಎಸೆದೆ. ಮೂರು ಸಲ ಮಾತ್ರ ನೇರ ಬಂತು. (ಮೊಬೈಲಿನಲ್ಲೂ ಆಗುತ್ತದೆ. ಹಾಸಿಗೆಯ ಮೇಲೆ ನಿಂತು ಮಾಡಿ.)

ಕಾರಣ ಇಷ್ಟು. ಇಂಥ ವಸ್ತುವಿಗೆ ತಿರುಗಲು ಮುಖ್ಯವಾಗಿ ಮೂರು ಅಕ್ಷ. ಒಂದರಲ್ಲಿ ತಿರುಗಿಸುವುದು ಎಲ್ಲಕ್ಕಿಂತ ಸಲೀಸು, ಒಂದರಲ್ಲಿ ಎಲ್ಲಕ್ಕಿಂತ ಕಷ್ಟ, ಇನ್ನೊಂದು ನಡುವಿನದು. ಮೊದಲ ಎರಡರಲ್ಲಿ ಸಣ್ಣ ಓಲಾಟ ಬಂದರೂ ಸಣ್ಣದಾಗಿಯೇ ಉಳಿಯುತ್ತದೆ. ನಡುವಿನ ಅಕ್ಷದಲ್ಲಿ ಮಾತ್ರ ಅದು ಬೆಳೆಯುತ್ತಾ ಹೋಗಿ ವಸ್ತುವನ್ನೇ ಮಗುಚುತ್ತದೆ. 18ನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಬರೆದಿಟ್ಟ ಸಮೀಕರಣಗಳಿಂದ ಇದು ಹೊರಡುತ್ತದೆ. ಕಾಲೇಜು ಪುಸ್ತಕದಲ್ಲಿರುವ ಗಣಿತವನ್ನು ಯಾರು, ಯಾರಿಂದ ಗುಟ್ಟಾಗಿಡುವುದು?

ಇನ್ನು ಭೂಮಿ. ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1 ಹಾರಿದ್ದು 1958ರಲ್ಲಿ. ಪೆನ್ಸಿಲಿನಂತೆ ಉದ್ದನೆಯದು. ಡ್ರಿಲ್ ಬಿಟ್ಟಿನ ಹಾಗೆ ಉದ್ದಕ್ಕೇ ತಿರುಗುತ್ತಿರಲಿ ಎಂದು ಬಿಟ್ಟರು. ಆದರೆ ಅದಕ್ಕೆ ಬಳುಕುವ ಆಂಟೆನಾಗಳಿದ್ದವು. ಅವು ಬಳುಕಿ ಬಳುಕಿ ತಿರುಗುವ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಶಾಖವಾಗಿ ಕಳೆದವು. ಬೇಗನೇ ಉಪಗ್ರಹ ಫ್ಯಾನಿನ ರೆಕ್ಕೆಯಂತೆ ಅಡ್ಡಡ್ಡ ತಿರುಗತೊಡಗಿತು. ಒಳಗೆ ಬಳುಕುವ, ಅಲುಗಾಡುವ ಭಾಗಗಳಿರುವ ವಸ್ತು ಕೊನೆಗೆ ಬಂದು ನಿಲ್ಲುವುದು ತಿರುಗಿಸಲು ಎಲ್ಲಕ್ಕಿಂತ ಕಷ್ಟವಾದ ಅಕ್ಷದಲ್ಲಿ. ಭೂಮಿ ತಿರುಗುತ್ತಿರುವುದೂ ಅದೇ ಅಕ್ಷದಲ್ಲಿ. ಸಮಭಾಜಕದ ಹತ್ತಿರ ಅದು ಉಬ್ಬಿಕೊಂಡಿದೆ. ಅಲ್ಲಿನ ವ್ಯಾಸ ಧ್ರುವದಿಂದ ಧ್ರುವಕ್ಕಿರುವ ವ್ಯಾಸಕ್ಕಿಂತ ಸುಮಾರು 43 ಕಿಲೋಮೀಟರ್ ಜಾಸ್ತಿ. ನಟ್ ಪಲ್ಟಿಯಾದ ಕಾರಣಕ್ಕೆ ಭೂಮಿ ಪಲ್ಟಿಯಾಗುವುದಿಲ್ಲ. ನೀವು ಮುಖ್ಯ ಎಂದ ಭಾಗ ಹೋದದ್ದು ಹೀಗೆ.

ತಡವಾಗುವ ವಿಷಯಕ್ಕೆ ನಮ್ಮದೇ ಕತೆ ಹೇಳಬೇಕು. 2011ರ ಸೆಪ್ಟೆಂಬರಿನಲ್ಲಿ ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಿಂದ ಹೊರಟ ನ್ಯೂಟ್ರಿನೊ ಎಂಬ ಅತಿ ಸಣ್ಣ ಕಣಗಳು ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪಿದವು ಎಂಬ ಸುದ್ದಿ ಬಂತು. ಬೆಳಕಿಗಿಂತ ವೇಗವಾಗಿ ಯಾವುದೂ ಹೋಗಲಾರದು ಎನ್ನುತ್ತದೆ ಐನ್‌ಸ್ಟೈನ್ ಸಿದ್ಧಾಂತ. ಅಳೆದವರೇ “ದಯವಿಟ್ಟು ಬೇರೆಯವರೂ ಪರೀಕ್ಷಿಸಿ” ಎನ್ನುತ್ತಿದ್ದರು. ನಾವು ಅದನ್ನು ಎಲ್ಲಿ ಕೇಳಿಸಿಕೊಂಡೆವು? “ಐನ್‌ಸ್ಟೈನ್ ಸೋತರೇ?” ಎಂದು ಪುಟದಗಲ ತಲೆಬರಹ ಕೊಟ್ಟೆವು. 2012ರಲ್ಲಿ ಗೊತ್ತಾಯಿತು, ಗಡಿಯಾರಕ್ಕೆ ಸಮಯ ತರುವ ಒಂದು ಫೈಬರ್ ಕೇಬಲ್ ಸರಿಯಾಗಿ ಸಿಕ್ಕಿಸಿರಲಿಲ್ಲ ಅಂತ. ಸಡಿಲ ಕೇಬಲ್! ನಮ್ಮ ತಿದ್ದುಪಡಿ ಪುಟದ ಅಡಿಯಲ್ಲಿ ಎರಡು ಸಾಲು ಬಂತು. ತಲೆಬರಹ ನೆನಪಿರುವವರು ನನಗೆ ಈಗಲೂ ಸಿಗುತ್ತಾರೆ, ಆ ಎರಡು ಸಾಲು ಓದಿದವರು ಒಬ್ಬರೂ ಸಿಕ್ಕಿಲ್ಲ.

ನಿಮ್ಮ ಎಲ್‌ಕೆ-99 ಲಿಂಕಿಗೆ ನಾನು ಕೈ ಹಾಕದಿದ್ದದ್ದು ಆ ನೆನಪಿಗೇ. 2023ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು, ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುವ ಅತಿವಾಹಕ (ಯಾವ ರೋಧವೂ, ಅಂದರೆ ತಡೆಯೂ, ಇಲ್ಲದೆ ವಿದ್ಯುತ್ ಹರಿಯಗೊಡುವ ವಸ್ತು) ಸಿಕ್ಕಿದೆ, ಹೆಸರು ಎಲ್‌ಕೆ-99 ಎಂದು ಆರ್ಕೈವ್‌ನಲ್ಲಿ ಪ್ರಬಂಧ ಹಾಕಿದರು. ಅಯಸ್ಕಾಂತದ ಮೇಲೆ ಬೂದು ಬಣ್ಣದ ಚೂರೊಂದು ಒಂದು ಅಂಚನ್ನು ಎತ್ತಿಕೊಂಡು ನಿಂತ ವಿಡಿಯೊ ನೆನಪಿದೆಯಲ್ವಾ? ಆರ್ಕೈವ್ ಒಳ್ಳೆಯ ಜಾಗ. 1991ರಿಂದ ಭೌತವಿಜ್ಞಾನಿಗಳು ತಮ್ಮ ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಡುವುದು ಅಲ್ಲೇ. ಆದರೆ ಬೇರೆ ತಜ್ಞರು ಓದಿ ಒಪ್ಪುವ ಮೊದಲೇ ಅವು ಅಲ್ಲಿರುತ್ತವೆ. ಕೆಲವೇ ವಾರಗಳಲ್ಲಿ ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳು ಅದನ್ನೇ ತಯಾರಿಸಿ ನೋಡಿದವು. ರೋಧ ಧಡಕ್ಕನೆ ಇಳಿದದ್ದು ಅದರಲ್ಲಿ ಬೆರಕೆಯಾಗಿದ್ದ ತಾಮ್ರದ ಸಲ್ಫೈಡಿನಿಂದ. ಸುಮಾರು 104 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ರಚನೆಯೇ ಬದಲಾಗುತ್ತದೆ. ಬೆರಕೆಯಿಲ್ಲದ ಹರಳು ವಿದ್ಯುತ್ತನ್ನೇ ಹರಿಯಗೊಡಲಿಲ್ಲ. ನನಗೆ ವಿಡಿಯೊಗಿಂತ ಈ ಪತ್ತೇದಾರಿಯೇ ಜಾಸ್ತಿ ಇಷ್ಟ. ಆದರೆ ಅಷ್ಟರಲ್ಲಿ ನೀವು ಬೇರೆ ಲಿಂಕ್ ಕಳಿಸಲು ಶುರು ಮಾಡಿದ್ದಿರಿ.

ಕಪ್ಪುಕುಳಿಯ ಸದ್ದಿನ ಲಿಂಕ್: ಚೆನ್ನಾಗಿದೆ. ಆದರೆ ಅದು ಮೈಕ್ ಇಟ್ಟು ಹಿಡಿದ ಸದ್ದಲ್ಲ. ಪರ್ಸಿಯಸ್ ಗೆಲಾಕ್ಸಿ ಗುಂಪಿನ ಬಿಸಿ ಅನಿಲದಲ್ಲಿ ಕಪ್ಪುಕುಳಿಯಿಂದ ಎದ್ದ ಅಲೆಗಳನ್ನು 57 ಆಕ್ಟೇವ್ ಮೇಲೇರಿಸಿ, ಅಂದರೆ ಆವರ್ತನವನ್ನು 57 ಸಲ ಇಮ್ಮಡಿ ಮಾಡಿ, ನಮ್ಮ ಕಿವಿಗೆ ಕೇಳಿಸಿದ್ದು. ಆ ಸಾಲು ವಿಡಿಯೊದಲ್ಲಿ ಇರಲಿಲ್ಲ. ಇನ್ನು ಆರು ಲಿಂಕ್ ನಾವು ಮೊದಲೇ ಹಾಕಿದ್ದವು, ಅದನ್ನು ತಿಳಿಸದಿದ್ದದ್ದು ನಮ್ಮ ತಪ್ಪು.

ವಾಯೇಜರ್ 1ರ ಲಿಂಕಿಗೆ ಮಾತ್ರ ನಿಮಗೆ ನಿಜವಾಗಿ ಥ್ಯಾಂಕ್ಸ್. 1977ರಲ್ಲಿ ಹೊರಟು ಗ್ರಹಗಳನ್ನೆಲ್ಲ ದಾಟಿಹೋದ ಈ ನಾಸಾ ನೌಕೆ 2023ರ ನವೆಂಬರಿನಲ್ಲಿ ಅರ್ಥವಿಲ್ಲದ್ದನ್ನು ಒದರತೊಡಗಿತು. ಒಂದು ಮೆಮೊರಿ ಚಿಪ್ ಕೆಟ್ಟಿತ್ತು. ಹೋಗಿ ಬದಲಿಸಲು ಆಗದು. ಅದರಲ್ಲಿದ್ದ ಕೋಡನ್ನು ಬೇರೆ ಕಡೆ ಇಡೋಣವೆಂದರೆ ಒಟ್ಟಿಗೇ ಹಿಡಿಸುವಷ್ಟು ಜಾಗ ಎಲ್ಲೂ ಇಲ್ಲ. ಎಂಜಿನಿಯರುಗಳು ಕೋಡನ್ನೇ ತುಂಡು ಮಾಡಿ, ಸಿಕ್ಕ ಸಂದಿಗಳಲ್ಲಿ ತುರುಕಿ, ತುಂಡುಗಳು ಒಂದನ್ನೊಂದು ಹುಡುಕಿಕೊಳ್ಳುವಂತೆ ವಿಳಾಸ ತಿದ್ದಿದರು. ಆದೇಶ ಹೋಗಲು 22 ಗಂಟೆ 30 ನಿಮಿಷ, ಉತ್ತರ ಬರಲು ಮತ್ತೆ ಅಷ್ಟೇ. 2024ರ ಏಪ್ರಿಲ್ 20ರಂದು ಉತ್ತರ ಬಂತು, ಸರಿಯಾಗಿಯೇ ಬಂತು. ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸಲು ಮನಸ್ಸಾಗಲಿಲ್ಲ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಇಟ್ಟಿದ್ದೇವೆ, ಲಿಂಕ್ ಕಳಿಸಿದವರು ನೀವೆಂದು ಹಾಕುತ್ತೇವೆ.

ಲೆಕ್ಕ ಹಾಕಿದರೆ ಇನ್ನೊಂದು ಉಳಿಯಿತು. ಆ ಲಿಂಕ್ ನನ್ನಲ್ಲಿ ತೆರೆಯಲೇ ಇಲ್ಲ. ಇನ್ನೊಮ್ಮೆ ಕಳಿಸಿ, ಅದರಲ್ಲಿ ನಿಮಗೆ ಏನು ಹಿಡಿಸಿತು ಅಂತ ಒಂದು ಸಾಲೂ ಬರೆಯಿರಿ.